ಘಟ್ಟದ ಮೇಲಿನಿಂದ ಕಡಲಿನಡಿಗೆ: ಸ್ಕೂಬಾ ಹವ್ಯಾಸ ಹೊಟ್ಟೆಪಾಡಾಗಬೇಕಾದರೆ

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎರಡು ಡೈವ್ ಮುಗಿಸಿದವರು ಅದೇ ಸಂಜೆ ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಮರಳಬಾರದು. ಸೋಮವಾರ ಕೆಲಸಕ್ಕೆ ಹಾಜರಾಗುವ ಅವಸರದಲ್ಲಿ ಇದನ್ನು ಮರೆಯುವುದು ಬಹಳ ಸುಲಭ. ನೀರಿನಡಿಯಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ಸಾರಜನಕ ರಕ್ತ, ಮಾಂಸ, ಕೀಲುಗಳಲ್ಲಿ ಕರಗಿ ಉಳಿಯುತ್ತದೆ. ಮೇಲೆ ಬಂದ ನಂತರ ಅದು ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಹೋಗುತ್ತದೆ. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವಂತೆ, ಮೈಯೊಳಗೆ ಗುಳ್ಳೆ ಏಳಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಹೀಗೆ: ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ವಿಮಾನದ ಒಳಗಿನ ಒತ್ತಡ 610ರಿಂದ 2,440 ಮೀಟರ್ ಎತ್ತರಕ್ಕೆ ಸಮನಾಗಿರುತ್ತದೆ ಎಂಬ ಲೆಕ್ಕದ ಮೇಲೆ ಈ ಮಾರ್ಗಸೂಚಿ ನಿಂತಿದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಹಾಸನ, ಸಕಲೇಶಪುರ ಅದಕ್ಕಿಂತ ತುಸು ಕೆಳಗೆ. ವಿಮಾನ ಏರಿದರೂ ಘಾಟಿ ಏರಿದರೂ ದೇಹದ ಪಾಲಿಗೆ ವ್ಯತ್ಯಾಸವಿಲ್ಲ. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ರೈಲಿನಲ್ಲಿ ಏರಿದರೂ ಅಷ್ಟೇ. ಮಧ್ಯಾಹ್ನ 1 ಗಂಟೆಗೆ ಕೊನೆಯ ಡೈವ್‌ನಿಂದ ಮೇಲೆದ್ದವರು ಮರುದಿನ ಬೆಳಿಗ್ಗೆ 7ರವರೆಗೆ ಕರಾವಳಿಯಲ್ಲೇ ಉಳಿಯಬೇಕು.

ಮೊದಲ ಸಲ ನೀರಿಗಿಳಿಯುವ ಪ್ರವಾಸಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ದೋಣಿಯಲ್ಲಿ ಯಾರೋ ಒಬ್ಬರು 'ನೀವು ಯಾವ ಊರಿನವರು, ಎಷ್ಟು ಹೊತ್ತಿಗೆ ಹೊರಡುತ್ತೀರಿ' ಎಂದು ಕೇಳಿ ತಡೆಯಬೇಕು. ಸ್ಕೂಬಾವನ್ನು ಉದ್ಯೋಗ ಮಾಡಿಕೊಳ್ಳುವುದೆಂದರೆ ಹಾಗೆ ಕೇಳುವವರಾಗುವುದು. ಮೀನು ನೋಡುವ ಸುಖ ಈ ಕೆಲಸದಲ್ಲಿ ಸಿಗುವ ಭತ್ಯೆ ಮಾತ್ರ. ಸಂಬಳ ಬರುವುದು ಬೇರೆಯವರ ಶ್ವಾಸಕೋಶ, ಕಿವಿ, ಭಯ ಮತ್ತು ಪ್ರಯಾಣದ ಜವಾಬ್ದಾರಿ ಹೊರುವುದಕ್ಕೆ. ಕಾಲೇಜು ಮುಗಿಸಿ, ನೇತ್ರಾಣಿಗೋ ಅಂಡಮಾನಿಗೋ ಒಮ್ಮೆ ಹೋಗಿ ಬಂದು, 'ಇದನ್ನೇ ಮಾಡುತ್ತೇನೆ' ಎಂದು ಮನೆಯಲ್ಲಿ ಹೇಳುವ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹುಡುಗ ಹುಡುಗಿಯರು ಹಣ ಕಟ್ಟುವ ಮೊದಲು ಈ ವ್ಯತ್ಯಾಸ ಅರಿಯಬೇಕು.

ಮೊದಲಿಗೆ, ಪ್ರವಾಸದಲ್ಲಿ ಸಿಗುವ 'ಟ್ರೈ ಡೈವ್' ಪ್ರಮಾಣಪತ್ರಕ್ಕೆ ಉದ್ಯೋಗದ ಲೆಕ್ಕದಲ್ಲಿ ಬೆಲೆಯಿಲ್ಲ. ಅದು ತರಬೇತುದಾರರ ಕೈಹಿಡಿದು ಹೆಚ್ಚೆಂದರೆ 12 ಮೀಟರ್ ಆಳಕ್ಕೆ ಹೋಗಿಬಂದದ್ದರ ನೆನಪಿನ ಕಾಗದ. ಏಣಿ ಶುರುವಾಗುವುದು ಓಪನ್ ವಾಟರ್ ಎಂಬ ಮೊದಲ ಕೋರ್ಸಿನಿಂದ. ಡೈವಿಂಗ್ ತರಬೇತಿಗೆ ಪ್ರಮಾಣಪತ್ರ ಕೊಡುವ ಪ್ಯಾಡಿ, ಎಸ್‌ಎಸ್‌ಐ, ಸಿಎಮ್‌ಎಎಸ್ ಮುಂತಾದ ಸಂಸ್ಥೆಗಳಿವೆ. ಹೆಸರು ಬೇರೆಯಾದರೂ ಮೆಟ್ಟಿಲುಗಳು ಹೆಚ್ಚುಕಡಿಮೆ ಒಂದೇ. ಮನರಂಜನೆಯ ಡೈವಿಂಗ್‌ಗೆ ಐಎಸ್‌ಒ 24801, ತರಬೇತುದಾರರಿಗೆ ಐಎಸ್‌ಒ 24802 ಎಂಬ ಅಂತರರಾಷ್ಟ್ರೀಯ ಮಾನದಂಡಗಳೂ ಇವೆ. ಪ್ಯಾಡಿಯ ಲೆಕ್ಕ ಹಿಡಿದರೆ: ಓಪನ್ ವಾಟರ್‌ನಲ್ಲಿ ಕೊಳದ ಅಭ್ಯಾಸದ ನಂತರ ಸಮುದ್ರದಲ್ಲಿ 4 ಡೈವ್, 18 ಮೀಟರ್ ಆಳದ ಮಿತಿ. ಅಡ್ವಾನ್ಸ್‌ಡ್‌ನಲ್ಲಿ ಇನ್ನೂ 5 ಡೈವ್, 30 ಮೀಟರ್. ಆಮೇಲೆ ಪ್ರಥಮ ಚಿಕಿತ್ಸೆ ಮತ್ತು ರೆಸ್ಕ್ಯೂ ಡೈವರ್. ಅಲ್ಲಿಯವರೆಗೆ ನೀವು ಗಿರಾಕಿ. ಹಣ ಒಳಬರುವ ಮೊದಲ ಮೆಟ್ಟಿಲು ಡೈವ್‌ಮಾಸ್ಟರ್: ವಯಸ್ಸು 18 ಆಗಿರಬೇಕು, ಶುರುಮಾಡಲು 40, ಮುಗಿಸಲು 60 ಡೈವ್‌ಗಳ ದಾಖಲೆ ಬೇಕು, 12 ತಿಂಗಳೊಳಗಿನ ವೈದ್ಯರ ಪ್ರಮಾಣಪತ್ರ ಬೇಕು. ಡೈವ್‌ಮಾಸ್ಟರ್ ಪ್ರಮಾಣಿತ ಡೈವರ್‌ಗಳನ್ನು ಕರೆದೊಯ್ಯಬಹುದು, ತರಬೇತಿಗೆ ಸಹಾಯ ಮಾಡಬಹುದು. ಓಪನ್ ವಾಟರ್ ಕಲಿಸುವಂತಿಲ್ಲ. ಕಲಿಸಲು ಇನ್‌ಸ್ಟ್ರಕ್ಟರ್ ಆಗಬೇಕು. ಅದಕ್ಕೆ 100 ಡೈವ್, ಡೈವರ್ ಆಗಿ ಕನಿಷ್ಠ 6 ತಿಂಗಳು, ಜೊತೆಗೆ ತರಬೇತಿ ಕೊಟ್ಟವರೇ ಅಲ್ಲದೆ ಸಂಸ್ಥೆಯ ಬೇರೆ ಪರೀಕ್ಷಕರು ನಡೆಸುವ ಪರೀಕ್ಷೆ.

ಓಪನ್ ವಾಟರ್‌ಗೆ ಭಾರತದಲ್ಲಿ ಸುಮಾರು 25ರಿಂದ 35 ಸಾವಿರ ರೂಪಾಯಿ ಆಗುತ್ತದೆ. ಇನ್‌ಸ್ಟ್ರಕ್ಟರ್ ಆಗುವವರೆಗಿನ ಒಟ್ಟು ಖರ್ಚು ಕೆಲವು ಲಕ್ಷ ದಾಟುತ್ತದೆ. ಕೋರ್ಸಿನ ಶುಲ್ಕ ಮಾತ್ರ ಕೂಡಿ ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ವಸತಿ, ಊಟ, 60 ಡೈವ್ ತುಂಬಿಸಿಕೊಳ್ಳಲು ಕೋರ್ಸಿನ ಹೊರಗೆ ಮಾಡುವ ಡೈವ್‌ಗಳು, ಸ್ವಂತ ಮಾಸ್ಕ್, ಫಿನ್, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್, ವರ್ಷವರ್ಷವೂ ಸಂಸ್ಥೆಗೆ ಕಟ್ಟುವ ನವೀಕರಣ ಶುಲ್ಕ, ಹೊಣೆಗಾರಿಕೆ ವಿಮೆ ಎಲ್ಲ ಸೇರಿಸಿಕೊಳ್ಳಿ.

ಎರಡೇ ತಿಂಗಳಲ್ಲಿ ಏನೂ ಬಾರದವರನ್ನು ಡೈವ್‌ಮಾಸ್ಟರ್ ಮಾಡುತ್ತೇವೆ ಎನ್ನುವ 'ಝೀರೋ ಟು ಹೀರೋ' ಪ್ಯಾಕೇಜ್‌ಗಳ ಬಗ್ಗೆ ನೇರವಾಗಿಯೇ ಹೇಳಬೇಕು: ಅವು ನಿಯಮದ ಒಳಗೇ ಇರಬಹುದು, ಆದರೆ ಅಷ್ಟರಿಂದ ಮಾತ್ರ ಒಳ್ಳೆಯ ಡೈವ್‌ಮಾಸ್ಟರ್ ತಯಾರಾಗುವುದಿಲ್ಲ. ಒಂದೇ ದ್ವೀಪ, ಒಂದೇ ಋತು, ತಿಳಿನೀರು, ಅದೇ ನಾಲ್ಕು ಡೈವ್ ತಾಣ; ಅಲ್ಲಿ 60 ಸಲ ಮುಳುಗಿದವರು ಸೆಳೆತ ತಿರುಗಿದ ದಿನ, ಐದು ಮೀಟರ್ ಆಚೆಯದು ಕಾಣದ ದಿನ ಏನು ಮಾಡಬೇಕೆಂದು ಕಲಿತಿರುವುದಿಲ್ಲ.

ಏನು ಕೆಡುತ್ತದೆ ಎಂಬುದಕ್ಕೆ ಗಾಳಿಯ ಲೆಕ್ಕವನ್ನೇ ನೋಡಿ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11 ಲೀಟರ್. 200 ಬಾರ್ (ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದಷ್ಟು ಒತ್ತಡ) ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಮುಟ್ಟಬಾರದ ಮೀಸಲು. ಉಳಿದದ್ದು 1,650 ಲೀಟರ್. ಶಾಂತವಾಗಿರುವವರು ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆ ಎಂದುಕೊಳ್ಳಿ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ 20 ಮೀಟರಿನಲ್ಲಿ ಅದು ಮೂರು ಪಟ್ಟು, ಅಂದರೆ 60 ಲೀಟರ್. ಹಾಗಾಗಿ 27 ನಿಮಿಷ ಸಿಗುತ್ತದೆ. ಹೆದರಿದ ಹೊಸಬರು 35 ಲೀಟರ್ ಎಳೆಯುತ್ತಾರೆ; ಅವರ ಗಾಳಿ 16 ನಿಮಿಷಕ್ಕೇ ಮೀಸಲಿಗೆ ಇಳಿಯುತ್ತದೆ. ಗುಂಪಿನಲ್ಲಿ ಯಾರು ಹೆದರಿದ್ದಾರೆ ಎಂಬುದನ್ನು ದೋಣಿಯಲ್ಲೇ ಗುರುತಿಸುವವರು ಡೈವ್ ಯೋಜನೆಯನ್ನು ಅವರ 16 ನಿಮಿಷಕ್ಕೆ ಹೊಂದಿಸುತ್ತಾರೆ. ತನ್ನ ಗೇಜನ್ನು ಮಾತ್ರ ನೋಡುವವರು ಹೊಂದಿಸುವುದಿಲ್ಲ. ಇನ್ನೊಂದು ಸಂಗತಿ: ಆ ಗಾಳಿಯ ತೂಕವೇ ಸುಮಾರು ಎರಡೂವರೆ ಕಿಲೋ. ಮೀಸಲು ಬಿಟ್ಟು ಉಳಿದದ್ದು ಮುಗಿದು ಡೈವ್ ಕೊನೆಯಾಗುವ ಹೊತ್ತಿಗೆ ಸಿಲಿಂಡರ್ ಸುಮಾರು ಎರಡು ಕಿಲೋ ಹಗುರಾಗಿರುತ್ತದೆ. ಶುರುವಿನಲ್ಲಿ ಬೆಲ್ಟಿನ ತೂಕ ಬಿಗಿಯಾಗಿ ಲೆಕ್ಕ ಹಾಕಿದ್ದರೆ, ಸಾರಜನಕ ಹೊರಹೋಗಲೆಂದು 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದವರು ನಿಲ್ಲಲಾಗದೆ ಮೇಲೆ ತೇಲಿ ಹೋಗುತ್ತಾರೆ.

ತೀರಾ ಅಪಾಯದ್ದು ಗಾಬರಿ. ಮಾಸ್ಕಿನೊಳಗೆ ನೀರು ಬಂದ ಕೂಡಲೇ ಕೆಲವರು ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಉಗಿದು, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾರೆ. 10 ಮೀಟರಿನಲ್ಲಿ ತುಂಬಿಕೊಂಡ ಶ್ವಾಸಕೋಶದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಲು ಅಷ್ಟು ಆಳವೂ ಬೇಕಿಲ್ಲ. ತುಂಬಿದ ಉಸಿರು ಹಿಡಿದುಕೊಂಡರೆ ಎರಡು ಮೀಟರಿಗೂ ಕಡಿಮೆ ಆಳ ಸಾಕು. ಆ ಕ್ಷಣ ಜೊತೆಗಿರುವವರು ಕೈಯಳತೆಯಲ್ಲಿರಬೇಕು, ತೇಲಲು ಗಾಳಿ ತುಂಬುವ ಜಾಕೆಟ್ ಹಿಡಿದು ನಿಲ್ಲಿಸಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ರೆಗ್ಯುಲೇಟರ್ ಬಾಯಿಗೆ ಮರಳಿಸಬೇಕು. ತಡೆಯಲಾಗದಿದ್ದರೆ ಜಾಕೆಟ್ಟಿನ ಗಾಳಿ ಬಿಡುತ್ತಾ ಏರುವ ವೇಗವನ್ನಾದರೂ ತಗ್ಗಿಸಬೇಕು. ಫೋಟೊ ತೆಗೆಯಲು ಐದು ಮೀಟರ್ ದೂರ ಸರಿದವರಿಗೆ ಇದು ಸಾಧ್ಯವಿಲ್ಲ. ಗಿರಾಕಿಯ ಫೋಟೊ ಕೆಲಸವನ್ನೂ ಸುರಕ್ಷತೆಯ ಕೆಲಸವನ್ನೂ ಒಬ್ಬರಿಗೇ ವಹಿಸುವ ಕಡೆ ಕೆಲಸಕ್ಕೆ ಸೇರದಿರುವುದೇ ಒಳ್ಳೆಯದು.

ಕೊಳ, ಕಿವಿ, ಕಾಗದ

ಮಲೆನಾಡಿನವರಿಗೆ ಈಜು ಹೊಸದಲ್ಲ. ಕೆರೆ, ಹೊಳೆಯ ಗುಂಡಿ, ತೋಟದ ಹೊಂಡಗಳಲ್ಲಿ ಕಲಿತವರು ನೀರಿಗೆ ಅಂಜುವುದಿಲ್ಲ. ಆದರೆ ತಲೆ ಮೇಲೆತ್ತಿ ಈಜಿ ಅಭ್ಯಾಸವಾದವರಿಗೆ ಡೈವ್‌ಮಾಸ್ಟರ್ ಪರೀಕ್ಷೆಯ ಈಜು ಕಷ್ಟ. ಯಾವ ಸಾಧನವೂ ಇಲ್ಲದೆ 400 ಮೀಟರ್, ಅಂದರೆ 25 ಮೀಟರ್ ಕೊಳದಲ್ಲಿ 16 ಸಲ, ನಿಲ್ಲದೆ ಈಜಬೇಕು. ಆರೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ಣ 5 ಅಂಕ, 13 ನಿಮಿಷ ದಾಟಿದರೆ ಒಂದೇ ಅಂಕ. ಜೊತೆಗೆ 15 ನಿಮಿಷ ತೇಲಿ ನಿಲ್ಲಬೇಕು, ಕೊನೆಯ 2 ನಿಮಿಷ ಅಂಗೈ ನೀರಿನಿಂದ ಹೊರಗಿರಬೇಕು. ಮಾಸ್ಕ್, ಸ್ನಾರ್ಕೆಲ್, ಫಿನ್ ತೊಟ್ಟು ಕೈ ಬಳಸದೆ 800 ಮೀಟರ್, ದಣಿದ ಡೈವರ್ ಒಬ್ಬರನ್ನು ಎಳೆದುಕೊಂಡು 100 ಮೀಟರ್. ಇದನ್ನೆಲ್ಲ ಊರಿನ ಈಜುಕೊಳದಲ್ಲಿ ಆರು ತಿಂಗಳು ಮೊದಲೇ ಪಳಗಿಸಿಕೊಂಡರೆ ಸಮುದ್ರದ ದಡದಲ್ಲಿ ದುಬಾರಿ ದಿನಗಳು ಉಳಿಯುತ್ತವೆ.

ಹಣ ಕಟ್ಟುವ ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ನೋಡಿ. ಇಳಿಯುವಾಗ ಮೂಗು ಒತ್ತಿಹಿಡಿದು ಮೆಲ್ಲನೆ ಊದಿ ನಡುಗಿವಿಯ ಒತ್ತಡ ಸರಿಪಡಿಸಿಕೊಳ್ಳಬೇಕು. ನೋವು ಶುರುವಾಗುವ ಮೊದಲೇ, ಒಂದೊಂದು ಮೀಟರಿಗೂ. ಮೂಗಿನ ಗೋಡೆ ಬಾಗಿದ್ದರೆ, ಸೈನಸ್ ಇದ್ದರೆ, ಮಳೆಗಾಲದ ನೆಗಡಿ ಬಿಡದೆ ಕಾಡುವವರಾಗಿದ್ದರೆ ಇದು ಆಗುವುದಿಲ್ಲ; ಬಲವಂತವಾಗಿ ಊದಿದರೆ ಕಿವಿಯ ತಮಟೆ ಹರಿಯಬಹುದು. ಪ್ರವಾಸಿಯಾದರೆ ಒಂದು ದಿನ ಬಿಟ್ಟುಬಿಡಬಹುದು. ದಿನಕ್ಕೆ ಎರಡು ಮೂರು ಸಲ ಇಳಿಯಲೇಬೇಕಾದ ಕೆಲಸಗಾರರಿಗೆ ಕಿವಿಯೇ ಬಂಡವಾಳ. ಆಸ್ತಮಾ, ಅಪಸ್ಮಾರ, ಹೃದಯದ ತೊಂದರೆ ಇರುವವರು ವೈದ್ಯಕೀಯ ಪ್ರಶ್ನಾವಳಿಯಲ್ಲಿ ಅದನ್ನು ಮುಚ್ಚಿಡಬಾರದು. ಡೈವ್ ಕೇಂದ್ರದವರೇ 'ಎಲ್ಲದಕ್ಕೂ ಇಲ್ಲ ಎಂದು ಬರೆಯಿರಿ' ಎಂದು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಅಡ್ಡಿಯಿದೆ. ಪಠ್ಯ, ಪರೀಕ್ಷೆ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ತೋರಿಸುವ ಡೈವ್ ಕೋಷ್ಟಕ ಎಲ್ಲ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ವಿಷಯ ಹೈಸ್ಕೂಲಿನ ಬಾಯ್ಲ್ ನಿಯಮಕ್ಕಿಂತ ಬಹಳ ಮೇಲಿನದಲ್ಲ. ಪದಗಳು ಗೊತ್ತಾದರೆ ಲೆಕ್ಕ ಬರುತ್ತದೆ. ಅಡ್ಡಿಯ ಮತ್ತೊಂದು ಬದಿ ಲಾಭದ್ದು. ನೇತ್ರಾಣಿಗೆ ಬರುವ ಕನ್ನಡದ ಕುಟುಂಬಗಳಿಗೆ 'ಉಸಿರು ಬಿಗಿಹಿಡಿಯಬೇಡಿ, ಕಿವಿ ನೋವಾದರೆ ಕೈ ಹೀಗೆ ಆಡಿಸಿ' ಎಂದು ಕನ್ನಡದಲ್ಲೇ ಹೇಳುವವರಿದ್ದರೆ ಗಾಬರಿ ಅಷ್ಟರಮಟ್ಟಿಗೆ ಕಡಿಮೆ. ಹೋಂಸ್ಟೇ ನಡೆಸಿ ಅತಿಥಿಗಳ ಮುಖಭಾವ ಓದಿ ಗೊತ್ತಿರುವ ಚಿಕ್ಕಮಗಳೂರಿನವರಿಗೆ ಇದು ಈಗಾಗಲೇ ಕೈಗೆ ಬಂದಿರುವ ವಿದ್ಯೆ.

ಎರಡನೆಯ ಕಸುಬು

ಡೈವ್ ಕೇಂದ್ರಗಳ ಆದಾಯದಲ್ಲಿ ದೊಡ್ಡ ಪಾಲು ಒಂದು ದಿನದ ಪ್ರವಾಸಿಗಳದ್ದು. ಸಿಬ್ಬಂದಿಗೆ ಸಾಮಾನ್ಯವಾಗಿ ಸಿಗುವುದು ಸಣ್ಣ ನಿಗದಿತ ಸಂಬಳ, ಊಟ ವಸತಿ, ಇಷ್ಟು ಜನರನ್ನು ಇಳಿಸಿದರೆ ಇಷ್ಟು ಎಂಬ ಕಮಿಷನ್. ಸಮುದ್ರ ಕೆಟ್ಟರೆ ಕಮಿಷನ್ ಇಲ್ಲ. ಹಾಗಾಗಿ ಡೈವ್‌ಮಾಸ್ಟರ್ ಕಾರ್ಡ್ ಮಾತ್ರ ಹಿಡಿದು ಬಂದವರಿಗಿಂತ, ಅದರ ಜೊತೆ ಇನ್ನೊಂದು ಕಸುಬು ಬಲ್ಲವರನ್ನು ಕೇಂದ್ರಗಳು ಮೊದಲು ಇಟ್ಟುಕೊಳ್ಳುತ್ತವೆ, ಕೊನೆಗೆ ಕಳಿಸುತ್ತವೆ. ಹಾಸನ, ಚಿಕ್ಕಮಗಳೂರಿನ ಐಟಿಐಗಳಲ್ಲಿ ಫಿಟ್ಟರ್, ಡೀಸೆಲ್ ಮೆಕ್ಯಾನಿಕ್ ಕಲಿತವರು, ತೋಟದಲ್ಲಿ ಪಲ್ಪರ್, ಸ್ಪ್ರೇಯರ್, ಪಂಪ್‌ಸೆಟ್ ಬಿಚ್ಚಿ ಜೋಡಿಸಿದವರು ಇಲ್ಲಿ ತಾವೇ ಅಂದುಕೊಂಡದ್ದಕ್ಕಿಂತ ಮುಂದಿದ್ದಾರೆ.

ಗಾಳಿ ತುಂಬುವ ಹೈಪ್ರೆಷರ್ ಕಂಪ್ರೆಸರ್ ಇಡೀ ಕೇಂದ್ರದ ಜೀವ. ಅದರ ಫಿಲ್ಟರಿನ ಒಳಗೆ ತೇವ ಹೀರುವ ಪದಾರ್ಥ ಮತ್ತು ವಾಸನೆ, ಎಣ್ಣೆಯ ಅಂಶ ಹೀರುವ ಇದ್ದಿಲು ಇರುತ್ತದೆ. ಓಡಿದ ಗಂಟೆಗಳ ಲೆಕ್ಕದಲ್ಲಿ ಅದನ್ನು ಬದಲಿಸಬೇಕು. ಕರಾವಳಿಯ ಸೆಕೆ ಮತ್ತು ತೇವದಲ್ಲಿ ಅದರ ಆಯುಸ್ಸು ಕಂಪನಿಯ ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಡಿಮೆ. ಗಾಳಿ ಎಳೆಯುವ ಕೊಳವೆಯ ಬಾಯಿ ಜನರೇಟರಿನ ಹೊಗೆಯ ಕಡೆ ತಿರುಗಿದ್ದರೆ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರಿಗೆ ಸೇರುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ. ದಡದ ಮೇಲೆ ತಲೆನೋವು ಕೊಡುವ ಪ್ರಮಾಣ 30 ಮೀಟರಿನಲ್ಲಿ ನಾಲ್ಕು ಪಟ್ಟು ಒತ್ತಡದಲ್ಲಿ ಮೂರ್ಛೆ ತರಬಹುದು. ಸಿಲಿಂಡರನ್ನು ಅವಸರದಲ್ಲಿ ತುಂಬಿದರೆ ಅದು ಕಾಯುತ್ತದೆ. 50 ಡಿಗ್ರಿಯಲ್ಲಿ 200 ಬಾರ್ ತೋರಿಸಿದ್ದು ತಣ್ಣಗಾದಾಗ 185ರ ಹತ್ತಿರಕ್ಕೆ ಇಳಿಯುತ್ತದೆ. 'ಯಾರೋ ಗಾಳಿ ಬಿಟ್ಟಿದ್ದಾರೆ' ಎಂಬ ಜಗಳಗಳ ಹಿಂದೆ ಇರುವುದು ಹಲವು ಸಲ ಇದೇ.

ರೆಗ್ಯುಲೇಟರಿನದೂ ಹಾಗೆಯೇ. ದಿನದ ಕೊನೆಗೆ ಸಿಹಿನೀರಲ್ಲಿ ತೊಳೆಯುವಾಗ ಸಿಲಿಂಡರಿಗೆ ಕೂರುವ ತುದಿಯ ಮುಚ್ಚಳವನ್ನು ಒರೆಸಿ ಬಿಗಿಯದಿದ್ದರೆ, ಇಲ್ಲವೇ ನೀರಲ್ಲಿರುವಾಗ ಬಾಯಿಯ ಭಾಗದ ಗುಂಡಿ ಒತ್ತಿದರೆ, ನೀರು ಒಳಹೊಕ್ಕು ಹಿತ್ತಾಳೆ ಹಸಿರುಗಟ್ಟುತ್ತದೆ. ಕೆಲವು ತಿಂಗಳ ಮೇಲೆ ಅದು ತಾನಾಗಿ ಗಾಳಿ ಬಿಡಲು ಶುರುಮಾಡುತ್ತದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಸವೆದ ಒಂದು ಓ ರಿಂಗ್, ದೋಣಿಯಲ್ಲಿ ಒಂದು ಡೈವನ್ನೇ ರದ್ದು ಮಾಡಿಸುತ್ತದೆ. ರೆಗ್ಯುಲೇಟರ್ ದುರಸ್ತಿಗೆ ತಯಾರಕರೇ ತರಬೇತಿ ಕೊಡುತ್ತಾರೆ. ಈ ಕೋರ್ಸಿನ ಹಣ ಡೈವ್‌ಮಾಸ್ಟರ್ ಹಣಕ್ಕಿಂತ ಬೇಗ ಹಿಂದಿರುಗುತ್ತದೆ ಎಂಬುದು ನಮ್ಮ ಅಂದಾಜು. ದೋಣಿ ನಡೆಸುವುದು, ಜೀವರಕ್ಷಣೆ ಬೇಕಾದವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಗೋವಾದಲ್ಲಿದೆ. ಬೇಲೂರಿನ ಯಗಚಿ ಹಿನ್ನೀರಿನ ಜಲಕ್ರೀಡೆ, ಭದ್ರಾ ನದಿಯ ರಾಫ್ಟಿಂಗ್ ಕೂಡ ಜನರನ್ನು ನೀರಿನ ಮೇಲೆ ನಿಭಾಯಿಸುವುದನ್ನು ಕಲಿಯಲು ಹತ್ತಿರದ ಜಾಗಗಳು.

ಈ ಜಿಲ್ಲೆಗಳ ಮನೆಗಳಲ್ಲಿ ನಿಜವಾದ ಜಗಳ ಹುಟ್ಟುವುದು ಹಣಕ್ಕಲ್ಲ, ತಿಂಗಳಿಗೆ. ಪಶ್ಚಿಮ ಕರಾವಳಿಯ ಡೈವಿಂಗ್ ಋತು ಹೆಚ್ಚುಕಡಿಮೆ ಅಕ್ಟೋಬರಿನಿಂದ ಮೇವರೆಗೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೇ ಫೆಬ್ರುವರಿ, ಮಾರ್ಚ್‌ವರೆಗೆ. ಕಣದಲ್ಲಿ ಕಾಫಿ ಹರಡಿ ಆಳು ಸಿಗದೆ ಮನೆಯವರೆಲ್ಲ ಪರದಾಡುವ ಡಿಸೆಂಬರಿನ ಕೊನೆಯ ವಾರವೇ ಡೈವ್ ಕೇಂದ್ರಗಳಿಗೆ ವರ್ಷದ ದೊಡ್ಡ ವಾರ. ಎರಡನ್ನೂ ಮಾಡುತ್ತೇನೆ ಎಂದವರು ಎರಡರಲ್ಲೂ ಕೆಡುತ್ತಾರೆ. ಮಳೆಗಾಲದಲ್ಲಿ ಊರಿಗೆ ಬರಬಹುದು, ಆದರೆ ಆಗ ಆದಾಯವಿಲ್ಲ. ಆ ನಾಲ್ಕು ತಿಂಗಳಲ್ಲೂ ದುಡಿಯಬೇಕಾದರೆ ಮಾಲ್ದೀವ್ಸ್, ಥಾಯ್ಲೆಂಡಿನ ಕೊ ತಾವ್, ಇಂಡೋನೇಷ್ಯಾ ಎಂದು ಹೊರಡಬೇಕು. ಅಲ್ಲಿ ಕೆಲಸದ ಪರವಾನಗಿ ಇಲ್ಲದೆ ಪ್ರವಾಸಿ ವೀಸಾದಲ್ಲಿ ಕಲಿಸುವುದು ಅಪರಾಧ. ಇನ್‌ಸ್ಟ್ರಕ್ಟರ್ ಕಾರ್ಡ್ ಇಲ್ಲದೆ ಹೊರದೇಶದಲ್ಲಿ ನಿಲ್ಲುವುದು ಕಷ್ಟ. ಹಾಗಾಗಿ ಡೈವ್‌ಮಾಸ್ಟರ್‌ಗೇ ನಿಲ್ಲುವ ಯೋಚನೆಯಿದ್ದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡುತ್ತೇವೆ ಎಂಬುದಕ್ಕೆ ಮೊದಲೇ ಉತ್ತರ ಇಟ್ಟುಕೊಳ್ಳಬೇಕು.

ಗೊರೂರಿನ ನೀರು ನೇತ್ರಾಣಿಯ ನೀರಲ್ಲ

'ನಮ್ಮಲ್ಲೇ ಇಷ್ಟು ಅಣೆಕಟ್ಟು, ಕೆರೆಗಳಿವೆ. ಕಾರ್ಡ್ ತಂದುಕೊಂಡರೆ ಇಲ್ಲೇ ಕೆಲಸ ಸಿಗಲಿಕ್ಕಿಲ್ಲವೇ' ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಎಚ್ಚರದಿಂದ ಕೊಡಬೇಕು, ಏಕೆಂದರೆ ಇಲ್ಲಿ ತಪ್ಪಿದವರು ಸಾಯುತ್ತಾರೆ. ಮನರಂಜನೆಯ ಡೈವಿಂಗ್ ಕಾರ್ಡ್ ಅಣೆಕಟ್ಟಿನ ಗೇಟು, ಪಂಪ್‌ಹೌಸ್, ಸೇತುವೆಯ ಬುಡದ ಕೆಲಸಕ್ಕೆ ಅರ್ಹತೆಯಲ್ಲ. ಅದು ವಾಣಿಜ್ಯ ಡೈವಿಂಗ್: ಮೇಲಿನಿಂದ ಕೊಳವೆಯಲ್ಲಿ ಗಾಳಿ, ಹೆಲ್ಮೆಟ್ಟಿನಲ್ಲಿ ಮಾತಿನ ಸಂಪರ್ಕ, ದಡದಲ್ಲಿ ಸಜ್ಜಾಗಿ ಕೂತ ಇನ್ನೊಬ್ಬ ಡೈವರ್, ತರಬೇತಿಯೂ ಬೇರೆ, ಸಂಬಳವೂ ಬೇರೆ. ಕಾರಣ ನೀರಿನ ಒತ್ತಡದ ವ್ಯತ್ಯಾಸ. ಒಂದು ಕಡೆ 10 ಮೀಟರ್ ನೀರು, ಇನ್ನೊಂದು ಕಡೆ ಖಾಲಿ ಇರುವ ಗೋಡೆಯಲ್ಲಿ ಒಂದಡಿ ಉದ್ದ ಅಗಲದ ಕಿಂಡಿ ತೆರೆದಿದ್ದರೆ, ಅದಕ್ಕೆ ಮೈ ತಾಗಿದವರನ್ನು ಸುಮಾರು 900 ಕಿಲೋ ತೂಕದ ಬಲ ಹಿಡಿದಿಡುತ್ತದೆ. ಹತ್ತಿರ ಹೋಗುವವರೆಗೆ ಸೆಳೆತ ಗೊತ್ತೇ ಆಗುವುದಿಲ್ಲ. ಹಿಡಿದ ಮೇಲೆ ಎಳೆದು ಬಿಡಿಸಲು ಆಗುವುದಿಲ್ಲ.

ಹಿನ್ನೀರಿನಲ್ಲಿ ಇನ್ನೂ ಬೇರೆ ತೊಡಕುಗಳಿವೆ. ಮುಳುಗಿದ ಮರದ ಕೊಂಬೆ, ಹರಿದು ಬಿಟ್ಟ ಮೀನಿನ ಬಲೆ, ಚಾಚಿದ ಕೈ ಕಾಣದ ಕೆಸರು. ಎತ್ತರದ ಲೆಕ್ಕವೂ ಬರುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಅಂದರೆ 890 ಮೀಟರ್. 300 ಮೀಟರಿಗಿಂತ ಮೇಲಿನ ನೀರಿಗೆ ಸಮುದ್ರದ ಡೈವ್ ಕೋಷ್ಟಕ ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿನ ವಾತಾವರಣದ ಒತ್ತಡ ಸಮುದ್ರಮಟ್ಟದ ಹತ್ತರಲ್ಲಿ ಒಂಬತ್ತು ಪಾಲು. 18 ಮೀಟರ್ ಇಳಿದದ್ದನ್ನು 20 ಮೀಟರ್ ಎಂದು ಎಣಿಸಬೇಕು. ಕಂಪ್ಯೂಟರ್ ಎತ್ತರವನ್ನು ತಾನೇ ಗುರುತಿಸುತ್ತದೆಯೋ, ಕೈಯಿಂದ ಹೊಂದಿಸಬೇಕೋ ಎಂದು ನೋಡಿಕೊಳ್ಳದೆ ಇಳಿಯಬಾರದು.

ಹೊಳೆಯಲ್ಲಿ ಕೊಚ್ಚಿಹೋದವರನ್ನು ಹುಡುಕುವ ಮುಳುಗು ತಜ್ಞರ ಕೆಲಸ ಎಲ್ಲಕ್ಕಿಂತ ಕಠಿಣ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಸೆಳೆತಕ್ಕೆ ನೌಕಾಪಡೆಯ ಡೈವರ್‌ಗಳೂ ದಿನಗಟ್ಟಲೆ ಕಾಯಬೇಕಾಯಿತು. ಕುಸಿತಕ್ಕೆ ಸಿಕ್ಕಿ ಹೊಳೆಯಲ್ಲಿ ಮುಳುಗಿದ್ದ ಲಾರಿ ಹೊರಬಂದದ್ದು ಸೆಪ್ಟೆಂಬರ್ 25ಕ್ಕೆ. ನುರಿತವರೇ ನೀರಿಗಿಳಿಯದೆ ಕಾದ ಆ ತೀರ್ಮಾನವನ್ನು ಅರ್ಥಮಾಡಿಕೊಳ್ಳದವರು ಇಂಥ ಕೆಲಸಕ್ಕೆ ಕೈಹಾಕಬಾರದು. ಹೋಗುವುದಿದ್ದರೆ ಅಗ್ನಿಶಾಮಕ ದಳ ಅಥವಾ ವಿಪತ್ತು ಸ್ಪಂದನಾ ಪಡೆಯ ದಾರಿಯಲ್ಲಿ, ತಂಡದೊಳಗೆ, ಹಗ್ಗದ ತುದಿ ದಡದಲ್ಲಿ ಒಬ್ಬರ ಕೈಯಲ್ಲಿರುವಂತೆ ಹೋಗಬೇಕು.

ಈ ಎಲ್ಲದರ ನಂತರವೂ ಮನಸ್ಸು ಗಟ್ಟಿಯಿದ್ದರೆ ಜೂನ್ ತಿಂಗಳು ಶುರುಮಾಡಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಿವಿ ಪರೀಕ್ಷೆ, ಕೊಳದ ಈಜು, ಪ್ರಥಮ ಚಿಕಿತ್ಸೆ. ಅಕ್ಟೋಬರಿನಲ್ಲಿ ಓಪನ್ ವಾಟರ್, ಅಡ್ವಾನ್ಸ್‌ಡ್. ನಂತರ ಒಂದಿಡೀ ಋತು ಯಾವುದಾದರೂ ಕೇಂದ್ರದಲ್ಲಿ ಸಿಲಿಂಡರ್ ಹೊತ್ತು, ದೋಣಿ ತೊಳೆದು, ಕಂಪ್ರೆಸರ್ ಪಕ್ಕ ಕೂತು ಕೆಲಸ. ಖಾಲಿ ಸಿಲಿಂಡರ್ ಒಂದೇ 14 ಕಿಲೋ ಹತ್ತಿರ. ಬೆಳಿಗ್ಗೆ ಇಪ್ಪತ್ತು ಹೊತ್ತ ಮೇಲೂ ನೀರಿನ ಆಸೆ ಉಳಿದವರು ಮುಂದಿನ ವರ್ಷ ಡೈವ್‌ಮಾಸ್ಟರ್‌ಗೆ ಹಣ ಕಟ್ಟಲಿ.

ಕೇಂದ್ರ ಆರಿಸುವಾಗ ಇನ್‌ಸ್ಟಾಗ್ರಾಮ್ ನೋಡಬೇಡಿ, ಕಂಪ್ರೆಸರಿನ ಪಕ್ಕದ ಪುಸ್ತಕ ನೋಡಿ: ಫಿಲ್ಟರ್ ಯಾವಾಗ ಬದಲಿಸಿದರು ಎಂದು ಬರೆದಿದೆಯೇ? ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಹೊಸಬರನ್ನು ಕೊಡುತ್ತಾರೆ? ಶುದ್ಧ ಆಕ್ಸಿಜನ್ ಇದೆಯೇ? ಇದ್ದರೆ ಅದು ದೋಣಿಯಲ್ಲಿದೆಯೋ, ದಡದ ಕಚೇರಿಯಲ್ಲಿದೆಯೋ ಎಂದೂ ಕೇಳಿ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಮೈಯೊಳಗೆ ಗುಳ್ಳೆ ಎದ್ದು ಭುಜದ ಕೀಲು ನೋಯುತ್ತಿರುವವರಿಗೆ, ಕೈಕಾಲು ಜೋಮು ಹಿಡಿದವರಿಗೆ ಆಕ್ಸಿಜನ್ ಬೇಕಾಗುವುದು ದೋಣಿ ದಡ ಮುಟ್ಟುವ ಮೊದಲೇ.